ಸೊಂಟಕ್ಕೆ ಬರುವ ಕೈ ಖಾಲಿ ಬರಬಾರದು

ಕರಾಟೆಯಲ್ಲಿ ನಾಯ್ಹಾಂಚಿ ಅಂತ ಒಂದು ಕಟಾ ಇದೆ. ಕಟಾ ಅಂದರೆ ಒಬ್ಬರೇ ಮಾಡುವ, ಕ್ರಮ ಬದಲಾಗದ ಚಲನೆಗಳ ಸರಣಿ. ಜಪಾನಿನ ಓಕಿನಾವಾ ದ್ವೀಪದ ಹಳೇ ಕಟಾಗಳಲ್ಲೊಂದು ಇದು. ಶೊಟೊಕಾನ್ ಶೈಲಿಯವರು ಇದನ್ನೇ ತೆಕ್ಕಿ ಶೋದಾನ್ ಅನ್ನುತ್ತಾರೆ. ನೋಡುವವರಿಗೆ ಇದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಜಿಗಿತ ಇಲ್ಲ, ಎತ್ತರದ ಒದೆ ಇಲ್ಲ, ಗಿರ್ರನೆ ತಿರುಗುವುದೂ ಇಲ್ಲ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ ಕಿಬಾ ದಾಚಿಯಲ್ಲಿ ನಿಲ್ಲಬೇಕು. ಒಂದೇ ಗೆರೆಯ ಮೇಲೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಅಡ್ಡಡ್ಡ ನಡೆಯಬೇಕು. ನಿಮಿಷದೊಳಗೆ ಮುಗಿದುಹೋಗುತ್ತದೆ. ಬೆಲ್ಟ್ ಟೆಸ್ಟಿಗೆ ಅಂತ ಕಲಿತು, ಟೆಸ್ಟ್ ಮುಗಿದ ಮೇಲೆ ಮರೆತುಬಿಡುವವರೇ ಜಾಸ್ತಿ.

ಹೆಚ್ಚುಕಮ್ಮಿ ಒಂದು ವರ್ಷದಿಂದ ನಾನು ಈ ಒಂದು ಕಟಾವನ್ನೇ ಹಿಡಿದುಕೊಂಡು ಕೂತಿದ್ದೇನೆ. ಯಾರಾದರೂ ನಿಜವಾಗಿ ಮೈಮೇಲೆ ಬಂದಾಗ ಇದರ ಒಂದೊಂದು ಚಲನೆಯೂ ಏನು ಕೆಲಸ ಮಾಡುತ್ತದೆ ಅಂತ ಒಬ್ಬರನ್ನೊಬ್ಬರು ಹಿಡಿದು, ತಳ್ಳಿ, ಎಳೆದು ನೋಡುತ್ತಿದ್ದೇವೆ. ಕರಾಟೆಯಲ್ಲಿ ಇದಕ್ಕೆ ಬುಂಕಾಯ್ ಅನ್ನುತ್ತಾರೆ. ಆ ಕಲಿಕೆ ಹೇಗೆ ನಡೆಯಿತು ಅಂತ ಬರೆಯಬೇಕು ಅನ್ನಿಸಿತು. ನನ್ನ ಹಾಗೆ ಚಿಕ್ಕವರಿದ್ದಾಗ ಕರಾಟೆ ಕಲಿತು ಬಿಟ್ಟವರು ನಮ್ಮ ಊರುಗಳಲ್ಲಿ ತುಂಬ ಜನ ಇದ್ದಾರೆ. ಮೈಗೆ ಕಟಾ ನೆನಪಿರುತ್ತದೆ, ಅದು ಯಾತಕ್ಕೆ ಅಂತ ಮಾತ್ರ ಯಾರೂ ಹೇಳಿರುವುದಿಲ್ಲ.

ನಾನು ಶುರು ಮಾಡಿದ್ದು ಹೈಸ್ಕೂಲಿನಲ್ಲಿ, ಮೈಸೂರಿನಲ್ಲೇ. ಬ್ರೌನ್ ಬೆಲ್ಟಿನವರೆಗೆ ಬಂದೆ. ಆಮೇಲೆ ಡಿಗ್ರಿ, ಕೆಲಸ, ಮದುವೆ, ಮಗು ಅಂತ ಬಿಟ್ಟುಹೋಯಿತು. ಈಗ ನನ್ನದು ಪಾಳಿ ಕೆಲಸ. ಎರಡನೇ ಪಾಳಿ ಮುಗಿಸಿ ರಾತ್ರಿ ಬಸ್ಸಿಳಿದು ಮನೆಗೆ ನಡೆಯುವಾಗ ಒಂದೇ ಯೋಚನೆ. ಅಷ್ಟು ವರ್ಷ ಗಾಳಿಯಲ್ಲಿ ಕೈ ಬೀಸಿದೆನಲ್ಲ, ಅದರಲ್ಲಿ ಈ ರಸ್ತೆಯಲ್ಲಿ ನನ್ನ ಕೈಗೆ ಸಿಗುವಂಥದ್ದು ಏನಾದರೂ ಇದೆಯಾ? ಹಳೇ ಮಾಸ್ಟರನ್ನು ಹುಡುಕಿಕೊಂಡು ಹೋಗಿ ಇದನ್ನೇ ಕೇಳಿದೆ. ಅವರಿಗೆ ಈಗ ಅರವತ್ತು ದಾಟಿದೆ. ಮಕ್ಕಳ ಕ್ಲಾಸನ್ನು ಶಿಷ್ಯರಿಗೆ ಬಿಟ್ಟುಕೊಟ್ಟಿದ್ದಾರೆ.

"ಹೊಸದೇನೂ ಬೇಡಮ್ಮ. ನಿನಗೆ ಗೊತ್ತಿರೋದ್ರಲ್ಲೇ ಒಂದನ್ನ ತಗೋ. ಅದನ್ನ ಬಿಚ್ಚಿ ನೋಡೋಣ" ಅಂದರು.

ಹೀಗೆ ಭಾನುವಾರ ಬೆಳಗ್ಗೆ ಒಂದು ಸಣ್ಣ ಗುಂಪು ಸೇರತೊಡಗಿತು. ಕಾಲೇಜು ಓದುವ ಇಬ್ಬರು ಹುಡುಗಿಯರು, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ಒಬ್ಬ ಅಕ್ಕ, ಮಾಸ್ಟರ್ ಮಗ, ನಾನು. ಜಾಗ ಒಂದು ಸಮುದಾಯ ಭವನದ ಮೇಲಿನ ಹಾಲ್. ಮ್ಯಾಟ್ ಇರಲಿಲ್ಲ, ಬರೀ ಕಡಪಾ ಕಲ್ಲಿನ ನೆಲ. ಅದೂ ಒಳ್ಳೆಯದೇ ಆಯಿತು. ನೆಲ ಜಾರಿದರೆ ಏನಾಗುತ್ತದೆ ಅನ್ನುವುದು ಮೊದಲ ದಿನದಿಂದಲೇ ಲೆಕ್ಕಕ್ಕೆ ಬಂತು.

ಮಾಸ್ಟರ್ ಮೊದಲು ಹೇಳಿದ್ದು ಇತಿಹಾಸ. ಬೇಜಾರಾಗಬಹುದು ಅಂದುಕೊಂಡಿದ್ದೆ, ಆದರೆ ನನ್ನ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಓಕಿನಾವಾದಲ್ಲಿ ಇತೊಸು ಆಂಕೊ ಅಂತ ಒಬ್ಬ ದೊಡ್ಡ ಗುರು ಇದ್ದರು. 1901ರಲ್ಲಿ ಅವರು ಕರಾಟೆಯನ್ನು ಶಾಲೆಯೊಳಗೆ ತಂದರು. ಅಲ್ಲಿಯವರೆಗೆ ಅದು ಒಬ್ಬ ಗುರು, ಬೆರಳೆಣಿಕೆಯ ಶಿಷ್ಯರು ಗುಟ್ಟಾಗಿ ಕಲಿಯುತ್ತಿದ್ದ ವಿದ್ಯೆ. ಶಾಲೆಗೆ ಬಂದ ಮೇಲೆ ಅದು ಮಕ್ಕಳ ಮೈ ಗಟ್ಟಿ ಮಾಡುವ ವ್ಯಾಯಾಮವಾಯಿತು. ಸಾಲಾಗಿ ನಿಲ್ಲಿಸಿ, ಎಣಿಕೆಗೆ ಸರಿಯಾಗಿ ಕೈ ಕಾಲು ಆಡಿಸುವುದು. ಚಿಕ್ಕ ಮಕ್ಕಳಿಗೆ ಕತ್ತು ಹಿಡಿಯುವುದು, ಕೈ ಮುರಿಯುವುದು, ತೊಡೆಸಂದಿಗೆ ಹೊಡೆಯುವುದು ಕಲಿಸುವ ಹಾಗಿಲ್ಲವಲ್ಲ. ಚಲನೆ ಉಳಿಯಿತು, ಅದರ ವಿವರಣೆ ಹಿಂದೆ ಸರಿಯಿತು. ಅವರ ಶಿಷ್ಯ ಫುನಾಕೋಶಿ ಗಿಚಿನ್ 1922ರಲ್ಲಿ ಇದನ್ನು ಟೋಕಿಯೋಗೆ ತಂದರು. ಅಲ್ಲಿಂದ ಕಾಲೇಜುಗಳಿಗೆ, ಸ್ಪರ್ಧೆಗಳಿಗೆ, ಕೊನೆಗೆ ನಮ್ಮೂರಿನ ಶಾಲಾ ಮೈದಾನಗಳಿಗೂ ಬಂತು. ಬರುವಾಗ ಆ ಶಾಲೆಯ ರೂಪದಲ್ಲೇ ಬಂತು.

ಆದರೆ ಅದೇ ಇತೊಸು 1908ರಲ್ಲಿ ಬರೆದ ಪತ್ರದಲ್ಲಿ, ಇದು ಒಬ್ಬನೇ ಎದುರಾಳಿ ಜೊತೆ ಪಂದ್ಯ ಆಡುವುದಕ್ಕಲ್ಲ, ಕಳ್ಳನೋ ಪುಂಡನೋ ಮೇಲೆ ಬಿದ್ದಾಗ ಪೆಟ್ಟಾಗದಂತೆ ಪಾರಾಗುವುದಕ್ಕೆ ಅನ್ನುವ ಅರ್ಥದ ಮಾತಿದೆ. ಮಾಸ್ಟರ್ ಇದನ್ನು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿದರು. ಕಟಾ ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಇನ್ನೊಬ್ಬ ಕರಾಟೆಪಟು ಅಲ್ಲ, ಕುಡಿದು ಬಂದು ಎದೆ ಹಿಡಿಯುವ ಮನುಷ್ಯ. ಚಲನೆಯ ಅರ್ಥ ಹುಡುಕುವಾಗ ಆ ಮನುಷ್ಯನೇ ನಮ್ಮೆದುರೂ ಇರಬೇಕು.

ಅದಕ್ಕೇ ಮೊದಲ ಕೆಲಸ ಕಟಾ ಆಗಿರಲೇ ಇಲ್ಲ. ಜನ ಹೇಗೆ ಮೈಮೇಲೆ ಬರುತ್ತಾರೆ ಅಂತ ಒಂದು ಪಟ್ಟಿ ಮಾಡಿದೆವು. ಪ್ಯಾಟ್ರಿಕ್ ಮೆಕಾರ್ಥಿ ಎಂಬ ಕರಾಟೆ ಸಂಶೋಧಕರು ಇದನ್ನೇ ಬುಂಕಾಯ್‌ನ ಬುನಾದಿ ಮಾಡಿಕೊಂಡವರು. ಜಗಳದಲ್ಲಿ ಜನ ಮತ್ತೆ ಮತ್ತೆ ಮಾಡುವ ಕೆಲಸಗಳು ಕೆಲವೇ, ಕಟಾ ಇರುವುದು ಅವಕ್ಕೆ ಉತ್ತರವಾಗಿ ಅನ್ನುತ್ತಾರೆ ಅವರು. ನಮ್ಮ ಪಟ್ಟಿಯಲ್ಲಿ ಕಂಡಕ್ಟರ್ ಅಕ್ಕನದೇ ಜಾಸ್ತಿ ಪಾಲು. ನೂಕುನುಗ್ಗಲಿನಲ್ಲಿ ದಿನಾ ಬದುಕುವವರು ಅವರು. ಭುಜ ಹಿಡಿದು ತಳ್ಳುವುದು, ಮಣಿಕಟ್ಟು ಹಿಡಿದು ಎಳೆಯುವುದು, ಕೊರಳಪಟ್ಟಿ ಹಿಡಿದು ಇನ್ನೊಂದು ಕೈ ಎತ್ತುವುದು, ದುಪಟ್ಟಾ ಎಳೆಯುವುದು, ಹಿಂದಿನಿಂದ ಜಡೆ ಹಿಡಿಯುವುದು, ಗೋಡೆಗೆ ಒತ್ತಿ ಕುತ್ತಿಗೆಗೆ ಕೈ ಹಾಕುವುದು, ಬೀಸಿ ಕೆನ್ನೆಗೆ ಹೊಡೆಯುವುದು. ಸರಗಳ್ಳತನವನ್ನೂ ಬರೆದುಕೊಂಡೆವು, ಆದರೆ ಮಾಸ್ಟರ್ ಅದನ್ನು ಹೊಡೆದುಹಾಕಿದರು. ಬೈಕಿನಲ್ಲಿ ಬರುವವನ ಜೊತೆ ಎಳೆದಾಡಿದರೆ ರಸ್ತೆಯಲ್ಲಿ ಬಿದ್ದು ತಲೆ ಒಡೆಯುತ್ತದೆ. ಸರ ಹೋಗಲಿ, ಬ್ಯಾಗ್ ಹೋಗಲಿ, ಬಿಟ್ಟುಬಿಡಿ ಅಂದರು.

ಪಟ್ಟಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸ್ಪರ್ಧೆಯಲ್ಲಿ ಇಬ್ಬರೂ ದೂರ ನಿಂತು, ಕುಣಿಯುತ್ತಾ, ಸಮಯ ನೋಡಿ ಒಳಗೆ ನುಗ್ಗುತ್ತಾರೆ. ನಮ್ಮ ಪಟ್ಟಿಯಲ್ಲಿ ಇರುವುದೆಲ್ಲ ಮಾತಾಡುವಷ್ಟು ಹತ್ತಿರದಿಂದ ಶುರುವಾಗುತ್ತದೆ. ಹೆಚ್ಚಿನವುಗಳಲ್ಲಿ ಒಂದು ಕೈ ಆಗಲೇ ನಮ್ಮ ಮೈಮೇಲೆ ಇರುತ್ತದೆ. ಆ ದೂರದಲ್ಲಿ ನಿಂತು ನಾಯ್ಹಾಂಚಿ ಮಾಡಿ ನೋಡಿದರೆ, ಅಲ್ಲಿಯವರೆಗೆ ಗಿಡ್ಡವಾಗಿ, ಅರ್ಧಕ್ಕೆ ನಿಂತ ಹಾಗೆ ಕಾಣುತ್ತಿದ್ದ ಚಲನೆಗಳ ಅಳತೆ ಸರಿಹೋಗುತ್ತದೆ.

ಈಗ ಶೀರ್ಷಿಕೆಯಲ್ಲಿ ಹೇಳಿದ ಕೈಗೆ ಬರುತ್ತೇನೆ. ಕರಾಟೆಯಲ್ಲಿ ಒಂದು ಕೈ ಮುಂದೆ ಹೋದರೆ ಇನ್ನೊಂದು ಮುಷ್ಟಿ ಕಟ್ಟಿ ಸೊಂಟಕ್ಕೆ ಬರುತ್ತದೆ. ಹಿಕಿತೆ ಅಂತಾರೆ. ಯಾಕೆ ಅಂತ ಕೇಳಿದರೆ ನಮಗೆ ಸಿಗುತ್ತಿದ್ದ ಉತ್ತರ, 'ಪವರ್ ಬರುತ್ತೆ'. ಸ್ವಲ್ಪ ಯೋಚಿಸಿ. ಎದುರಿಗೆ ಒಬ್ಬ ಹೊಡೆಯೋಕೆ ನಿಂತಿರುವಾಗ ಒಂದು ಕೈಯನ್ನು ಮುಖದಿಂದ ಅಷ್ಟು ದೂರ, ಸೊಂಟದಲ್ಲಿ ಸುಮ್ನೆ ಇಟ್ಟುಕೊಂಡು ಯಾರು ನಿಲ್ಲುತ್ತಾರೆ? ಆ ಕೈಯಲ್ಲಿ ಏನೋ ಇದೆ. ಅವನ ಮಣಿಕಟ್ಟು, ಅವನ ತೋಳು, ಅವನ ಅಂಗಿ, ಅವನ ಕೂದಲು. ಅದನ್ನು ಎಳೆದುಕೊಂಡೇ ಕೈ ಸೊಂಟಕ್ಕೆ ಬರುತ್ತದೆ. ಮಾಸ್ಟರ್ ಇದನ್ನು ವಿವರಿಸಲಿಲ್ಲ. ನನ್ನ ಕೊರಳಪಟ್ಟಿ ಹಿಡಿದು "ಈಗ ಕಟಾದ ಮೊದಲ ಎರಡು ಚಲನೆ ಮಾಡು" ಅಂದರು, ಅಷ್ಟೇ.

ಮೊದಲ ಚಲನೆಯಲ್ಲಿ ಬಲಕ್ಕೆ ನೋಡುತ್ತೇವೆ, ಎಡಗಾಲನ್ನು ಬಲಗಾಲಿನ ಮುಂದೆ ಅಡ್ಡ ಇಟ್ಟು, ಬಲಗಾಲೆತ್ತಿ ಪಕ್ಕಕ್ಕೆ ತುಳಿಯುತ್ತೇವೆ. ಬಲಗೈ ಬಿಚ್ಚಿದ ಅಂಗೈಯಲ್ಲಿ ಪಕ್ಕಕ್ಕೆ ಹೋಗುತ್ತದೆ, ಎಡಗೈ ಸೊಂಟಕ್ಕೆ. ಎರಡನೇ ಚಲನೆಯಲ್ಲಿ ಎಡ ಮೊಣಕೈ ಬಂದು ಆ ಬಲ ಅಂಗೈಗೇ ಬಡಿಯುತ್ತದೆ. ಹುಡುಗಿಯಾಗಿದ್ದಾಗ ಆ 'ಚಟ್' ಅನ್ನುವ ಸದ್ದು ಜೋರಾಗಿ ಬರಲಿ ಅಂತಲೇ ಹೊಡೆಯುತ್ತಿದ್ದೆ.

ಜೊತೆಗಾರ ಇದ್ದಾಗ ಅದೇ ಚಲನೆ ಹೀಗಾಗುತ್ತದೆ. ಅವನ ಬಲಗೈ ನನ್ನ ಕೊರಳಪಟ್ಟಿಯಲ್ಲಿದೆ. ನನ್ನ ಎಡಗೈ ಅವನ ಮಣಿಕಟ್ಟನ್ನು ಹಿಡಿದು ನನ್ನ ಎಡ ಸೊಂಟದ ಕಡೆ ಎಳೆಯುತ್ತದೆ. ಅವನ ಭುಜ ಬಗ್ಗುತ್ತದೆ, ತಲೆ ಮುಂದೆ ಬರುತ್ತದೆ. ಅದೇ ಹೊತ್ತಿಗೆ ನನ್ನ ಬಲ ಅಂಗೈ ಅವನ ಕತ್ತಿನ ಹಿಂದೆ ಹೋಗಿ ಕೊಕ್ಕೆ ಹಾಕುತ್ತದೆ. ಈಗ ಎಡ ಮೊಣಕೈ. ಅಂಗೈ ಇರುವ ಜಾಗದಲ್ಲಿ ಅವನ ತಲೆ ಇದೆ. ಕಟಾದಲ್ಲಿ ಬಲ ಅಂಗೈ ಮೊಣಕೈಗೆ ಎದುರಾಗಿ ಗಟ್ಟಿಯಾಗಿ ನಿಲ್ಲುವುದು ಇದಕ್ಕೆ. ತಲೆ ಹಿಂದೆ ಸರಿಯದ ಹಾಗೆ ಆ ಕೈ ಹಿಡಿದಿರುತ್ತದೆ. ತಲೆಯ ಬದಲು ನಾವು ಪ್ಯಾಡ್ ಇಟ್ಟು ಹೊಡೆದೆವು. ಮಾಸ್ಟರ್ ಮಗ ಎತ್ತರದ ಹುಡುಗ, ಆದರೂ ಎಳೆತ ಸರಿಯಾಗಿ ಬಿದ್ದಾಗ ಅವನ ಮುಖ ನನ್ನ ಮೊಣಕೈ ಮಟ್ಟಕ್ಕೇ ಇಳಿಯಿತು. ಎತ್ತರದವರ ಮುಂದೆ ನನ್ನಂಥ ಗಿಡ್ಡ ಹೆಂಗಸಿಗೆ ಈ ಎಳೆತವೇ ಏಣಿ.

ಪಕ್ಕಕ್ಕೆ ನಡೆಯುವುದರ ಗುಟ್ಟೂ ಇಲ್ಲೇ ಗೊತ್ತಾಯಿತು. ನಾಯ್ಹಾಂಚಿಯಲ್ಲಿ ವೈರಿಗಳು ಬಲ ಎಡದಿಂದ ಬರುತ್ತಾರೆ, ಬೆನ್ನಿಗೆ ಗೋಡೆ ಇದೆ ಅಂತೆಲ್ಲ ಕಥೆ ಹೇಳುತ್ತಿದ್ದರು. ಮಾಡಿ ನೋಡಿದರೆ, ಅವನು ನೇರ ಎದುರಿಗೇ ಇದ್ದಾನೆ, ನಾನೇ ಒಂದು ಹೆಜ್ಜೆ ಅವನ ಪಕ್ಕಕ್ಕೆ ಸರಿದಿದ್ದೇನೆ. ಅಲ್ಲಿ ಅವನ ಇನ್ನೊಂದು ಕೈ ನನಗೆ ಸುಲಭಕ್ಕೆ ತಾಗುವುದಿಲ್ಲ. ಓಕಿನಾವಾದ ಮೊತೊಬು ಚೋಕಿ, 1870ರಲ್ಲಿ ಹುಟ್ಟಿದವರು, ನಿಜವಾದ ಕಾದಾಟಗಳಿಗೆ ಹೆಸರಾದವರು, ಈ ಕಟಾವನ್ನೇ ತಮ್ಮ ವಿದ್ಯೆಯ ತಿರುಳು ಅಂದುಕೊಂಡಿದ್ದರು. ನಾಯ್ಹಾಂಚಿಯ ನಿಲುವನ್ನು ಹಾಗೇ ಬಲಕ್ಕೋ ಎಡಕ್ಕೋ ತಿರುಗಿಸಿದರೆ ಅದೇ ಕಾದಾಟದ ನಿಲುವು ಅನ್ನುವುದು ಅವರ ಮಾತು. 1926ರಲ್ಲಿ ಪ್ರಕಟವಾದ ಅವರ ಜೋಡಿ ಅಭ್ಯಾಸದ ಫೋಟೋಗಳನ್ನು ಮಾಸ್ಟರ್ ತೋರಿಸಿದರು. ಇಬ್ಬರೂ ಮೈಗೆ ಮೈ ತಾಗುವಷ್ಟು ಹತ್ತಿರ. ಒಂದು ಕೈ ಎದುರಾಳಿಯ ಕೈ ಮೇಲೆ, ಇನ್ನೊಂದು ಹೊಡೆಯುತ್ತಿದೆ. ನಾವು ಭಾನುವಾರ ಮಾಡುತ್ತಿದ್ದುದಕ್ಕೂ ಅದಕ್ಕೂ ಇದ್ದ ಹೋಲಿಕೆ ಕಂಡು ನನಗೆ ಮೈ ಜುಮ್ಮೆಂದಿತು.

ಇಷ್ಟು ಆದಮೇಲೆ ಕಷ್ಟದ ಭಾಗ. ಅಲ್ಲಿಯವರೆಗೆ ಹಿಡಿದವರು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ಮಾಸ್ಟರ್ ಈಗ, "ಬಿಡಬೇಡಿ, ಮೊಣಕೈ ಬರೋದು ಕಂಡ್ರೆ ಕೈ ಅಡ್ಡ ಹಾಕಿ, ತಳ್ಳಿ" ಅಂದರು. ಒಂದೇ ಸಲಕ್ಕೆ ಎಲ್ಲ ಕೆಟ್ಟಿತು. ಮೊಣಕೈ ಅವನ ಎಡಗೈಗೆ ತಾಗಿ ನಿಂತುಬಿಡುತ್ತದೆ. ಅವನು ತಳ್ಳುತ್ತಾನೆ, ನಾನು ಹಿಂದೆ ಹೋಗುತ್ತೇನೆ. ಹುಡುಗಿಯರಿಗೂ ಅದೇ ಗತಿ.

"ಕಟಾ ಅಲ್ಲಿಗೆ ನಿಲ್ಲುತ್ತಾ?" ಅಂತ ಕೇಳಿದರು ಮಾಸ್ಟರ್.

ನಿಲ್ಲುವುದಿಲ್ಲ. ಮೂರನೇ ಚಲನೆಯಲ್ಲಿ ಎರಡೂ ಮುಷ್ಟಿಗಳು ಒಂದರ ಮೇಲೊಂದು ಕೂತು ಬಲ ಸೊಂಟಕ್ಕೆ ಬರುತ್ತವೆ. ತಲೆ ಎಡಕ್ಕೆ ತಿರುಗುತ್ತದೆ. ಆಮೇಲೆ ಎಡಗೈಯಲ್ಲಿ ಗೆದಾನ್ ಬರಾಯ್, ಅಂದರೆ ಕೆಳಕ್ಕೆ ಬೀಸಿ ತಡೆಯುವುದು. ಅದಾದ ಮೇಲೆ ಎಡಗೈ ಸೊಂಟಕ್ಕೆ ಬರುತ್ತಾ, ಬಲಗೈ ಹೊಟ್ಟೆಯ ಮುಂದೆ ಅಡ್ಡಲಾಗಿ ಕಾಗಿ ಜುಕಿ, ಅಂದರೆ ಕೊಕ್ಕೆಯ ಹಾಗೆ ಬಾಗಿದ ಗುದ್ದು, ಹೊಡೆಯುತ್ತದೆ. ಅಲ್ಲಿಯವರೆಗೆ ಇವು ನನಗೆ ಮೂರು ಬೇರೆ ಬೇರೆ ಚಲನೆಗಳು. ಆ ದಿನ ಅವು ಒಂದೇ ವಾಕ್ಯ ಅಂತ ಗೊತ್ತಾಯಿತು. ನನ್ನ ಮೊಣಕೈ ತಡೆಯಲು ಅವನ ಎಡಗೈ ಮೇಲೆ ಬಂದಿದೆ ಅಲ್ವಾ? ಕತ್ತಿನ ಮೇಲಿದ್ದ ನನ್ನ ಬಲಗೈ ಅಲ್ಲಿಂದ ಜಾರಿ ಆ ಕೈಯನ್ನೇ ಹಿಡಿಯುತ್ತದೆ, ಎಡಗೈ ಸಹಾಯಕ್ಕೆ ಬರುತ್ತದೆ, ಎರಡೂ ಸೇರಿ ಅದನ್ನು ಬಲ ಸೊಂಟಕ್ಕೆ ಎಳೆಯುತ್ತವೆ. ಅವನು ತಿರುಚಿಕೊಂಡು ನಿಲ್ಲುತ್ತಾನೆ. ಈಗ ಅವನ ಬಲಗೈ ಎದ್ದರೆ ಎಡಗೈಯಿಂದ ಕೆಳಗೆ ಬಡಿದು ತಳ್ಳುವುದು ಗೆದಾನ್ ಬರಾಯ್. ಬಡಿದ ಕೈ ಅಲ್ಲೇ ಅವನ ತೋಳು ಹಿಡಿದು ಎಡ ಸೊಂಟಕ್ಕೆ ಎಳೆದರೆ, ಬಲಗೈ ಬಿಡುವಾಗಿ ಗಿಡ್ಡವಾಗಿ ಪಕ್ಕೆಗೆ ಹೊಡೆಯುತ್ತದೆ. ಗಾಳಿಯಲ್ಲಿ ಹೊಡೆಯುವಾಗ ಇಷ್ಟು ಗಿಡ್ಡ ಹೊಡೆತ ಯಾತಕ್ಕೆ ಅನ್ನಿಸುತ್ತಿತ್ತು. ಎದೆಗೆ ಎದೆ ತಾಗುವಷ್ಟು ಹತ್ತಿರದಲ್ಲಿ ಅದಕ್ಕಿಂತ ಉದ್ದದ ಹೊಡೆತಕ್ಕೆ ಜಾಗವೇ ಇಲ್ಲ.

ನನ್ನ ಮಟ್ಟಿಗೆ ಈ ವರ್ಷದ ಕಲಿಕೆಯ ಹೃದಯ ಇದು. ಕಟಾದಲ್ಲಿ ಮುಂದಿನ ಚಲನೆ ಅಂದರೆ, ಹಿಂದಿನದು ನಡೆಯದಿದ್ದಾಗ ಮಾಡುವ ಕೆಲಸ. ಮೊಣಕೈ ಬಿದ್ದರೆ ಅಲ್ಲಿಗೇ ಮುಗಿಯಿತು, ಓಡಬಹುದು. ಬೀಳದಿದ್ದರೆ ಮುಂದಿನದು ಕಾದಿದೆ. ಕಟಾವನ್ನು ಒಬ್ಬಳೇ ಮಾಡುವಾಗ ಮೈಗೆ ಆಗುವುದು ಈ ಜೋಡಣೆಯ ರೂಢಿ. ಯೋಚನೆ ಮಾಡಲು ಸಮಯ ಇಲ್ಲದ ಜಾಗದಲ್ಲಿ ಯೋಚನೆಯ ಕೆಲಸವನ್ನು ಅದು ಮಾಡುತ್ತದೆ. ಫುನಾಕೋಶಿ ತೆಕ್ಕಿಯ ಮೂರು ಭಾಗಗಳಿಗೇ ಹತ್ತು ವರ್ಷ ಕಳೆದರು ಅಂತ ಓದಿದಾಗ ಮೊದಲು ನಂಬಿಕೆ ಬಂದಿರಲಿಲ್ಲ. ಈಗ ಬರುತ್ತದೆ.

ಒಂದು ಭಾನುವಾರ ಮಾಸ್ಟರ್ ತಮ್ಮ ಸ್ನೇಹಿತರೊಬ್ಬರನ್ನು ಕರೆತಂದರು. ಗರಡಿಯಲ್ಲಿ ಬೆಳೆದ ಪೈಲ್ವಾನರು. ವಯಸ್ಸಾಗಿದೆ, ಆದರೆ ಕಿವಿ, ಕತ್ತು ನೋಡಿದರೇ ಗೊತ್ತಾಗುತ್ತದೆ. ಮೈಸೂರಿನಲ್ಲಿ ಕರಾಟೆ ಕಲಿಯುವವರಿಗೆ ಇಂಥ ಭಾಗ್ಯ ಇದೆ. ಹಿಡಿತ ಅಂದರೇನು ಅಂತ ತೋರಿಸಲು ಮಟ್ಟಿಯಲ್ಲಿ ಹೊರಳಿದ ಕೈಗಳು ಪಕ್ಕದ ಬೀದಿಯಲ್ಲೇ ಸಿಗುತ್ತವೆ. ಅವರು ನಮ್ಮ ಎಳೆತವನ್ನು ಸುಮ್ಮನೆ ನೋಡಿದರು. ಆಮೇಲೆ ನನ್ನ ಮುಂದೆ ಕೈ ಚಾಚಿ, "ಹಿಡ್ಕೊಳಮ್ಮ" ಅಂದರು. ಮಣಿಕಟ್ಟು ಹಿಡಿದೆ. ಬೆವರಿದ್ದ ಕೈ, ಸ್ವಲ್ಪ ತಿರುಗಿಸಿದರು, ನನ್ನ ಬೆರಳಿನಿಂದ ಸರಕ್ಕನೆ ಜಾರಿತು.

"ಇಲ್ಲಿ ಹಿಡಿದ್ರೆ ಯಾವನೂ ನಿಲ್ಲಲ್ಲ ಕಣಮ್ಮ. ಮೇಲೆ ಬಾ. ಮೊಣಕೈ ಹತ್ರ ಹಿಡಿ. ಹಿಡಿದ ಮೇಲೆ ಅವನ ತೋಳನ್ನ ನಿನ್ನ ಪಕ್ಕೆಗೆ ಒತ್ತಿಕೋ. ಬೆರಳಲ್ಲಿ ಎಷ್ಟು ಶಕ್ತಿ ಇರುತ್ತೆ? ಮೈಯಲ್ಲಿ ಹಿಡಿಬೇಕು."

ಆ ಒಂದು ಮಾತಿನಿಂದ ನಮ್ಮ ಹಿಕಿತೆ ಪೂರ್ತಿ ಬದಲಾಯಿತು. ಮೊದಲು ಅವನ ಮಣಿಕಟ್ಟಿನ ಮೇಲೆ ನನ್ನ ಅಂಗೈ ಬಡಿಯುತ್ತದೆ, ಅಲ್ಲಿಂದ ಅವನ ಅಂಗಿಯ ತೋಳನ್ನು ಸುಕ್ಕು ಮಾಡಿಕೊಂಡು ಮೊಣಕೈವರೆಗೆ ಸರಿಯುತ್ತದೆ, ಬಟ್ಟೆ ಸಮೇತ ಮುಷ್ಟಿ ಕಟ್ಟಿಕೊಳ್ಳುತ್ತದೆ. ಮುಷ್ಟಿ ತಿರುಗಿ ಅಂಗೈ ಮೇಲಾಗುತ್ತಾ ಸೊಂಟಕ್ಕೆ ಬರುವಾಗ ಬಟ್ಟೆಯೂ ಅದರ ಜೊತೆ ತಿರುಚಿಕೊಂಡು ಬಿಗಿಯಾಗುತ್ತದೆ. ಅವನ ಮೊಣಕೈ ನನ್ನ ಪಕ್ಕೆಗೆ ಅಂಟಿಕೊಳ್ಳುತ್ತದೆ. ಕಟಾದಲ್ಲಿ ಆ ಮುಷ್ಟಿ ಕೊನೆಗೆ ತಿರುಗುತ್ತದಲ್ಲ, ಅದು ಇಲ್ಲಿ ಕೈಗೆ ಸಿಕ್ಕಿತು. ತುಂಬು ತೋಳಿನ ಅಂಗಿ ಇದ್ದರೆ ಇದು ಬಹಳ ಚೆನ್ನಾಗಿ ಆಗುತ್ತದೆ. ಟೀ ಶರ್ಟ್ ಇದ್ದರೆ ತೋಳನ್ನೇ ಒತ್ತಿ ಹಿಡಿಯಬೇಕು, ಕಷ್ಟ ಜಾಸ್ತಿ.

ಕಾಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಾಯ್ಹಾಂಚಿಯಲ್ಲಿ ನಾಮಿ ಗಾಯೆಶಿ ಅಂತ ಒಂದಿದೆ. ನಿಂತಲ್ಲೇ ಪಾದ ಒಳಗಡೆಗೆ ಮೇಲಕ್ಕೆ ಬೀಸಿ ಅದೇ ಜಾಗಕ್ಕೆ ತುಳಿದುಕೊಂಡು ಬರುತ್ತದೆ. ಹತ್ತಿರದಿಂದ ಹಿಡಿದುಕೊಂಡಾಗ ಅದು ಅವನ ಮೊಣಕಾಲಿನ ಒಳಬದಿಗೆ ತಾಗುತ್ತದೆ, ಇಳಿಯುವಾಗ ಪಾದದ ಮೇಲೆ ಬೀಳುತ್ತದೆ. ಇದರ ಬೆಲೆ ಏನೆಂದರೆ ಕೆಳಗೆ ನೋಡಬೇಕಾಗಿಲ್ಲ, ಮೇಲಿನ ಹಿಡಿತ ಬಿಡಬೇಕಾಗಿಲ್ಲ. ಎಲ್ಲರೂ ಶೂ, ಚಪ್ಪಲಿ ಹಾಕಿಕೊಂಡು, ನಿಧಾನಕ್ಕೆ, ತುಂಬ ಹುಷಾರಾಗಿ ಅಭ್ಯಾಸ ಮಾಡಿದೆವು. ಮೊಣಕಾಲು ಹೋದರೆ ಹೋಯಿತು.

ಜಡೆಗೆ ಸಮಯ ಕೊಟ್ಟೆವು, ಯಾಕಂದರೆ ಹುಡುಗಿಯರ ದೊಡ್ಡ ಭಯ ಅದೇ. ಹಿಂದಿನಿಂದ ಜಡೆ ಹಿಡಿದು ಎಳೆದಾಗ ಎಲ್ಲರೂ ಮಾಡುವುದು ಮುಂದಕ್ಕೆ ಓಡಲು ಹೋಗುವುದು. ನೋವು ಜಾಸ್ತಿಯಾಗುತ್ತದೆ, ಬೆನ್ನು ಬಾಗುತ್ತದೆ. ಮಾಸ್ಟರ್ ಕಟಾದ ಎರಡೂ ಕೈ ಸೇರಿ ಬರುವ ಚಲನೆಯನ್ನೇ ಇಲ್ಲಿ ತಂದರು. ಅವನ ಮುಷ್ಟಿಯ ಮೇಲೆ ನಮ್ಮ ಎರಡೂ ಅಂಗೈ ಹಾಕಿ ಅದನ್ನು ತಲೆಗೇ ಒತ್ತಿ ಹಿಡಿಯಬೇಕು. ಒತ್ತಿದ ಕೂಡಲೇ ಎಳೆತದ ನೋವು ಮುಕ್ಕಾಲು ಭಾಗ ನಿಲ್ಲುತ್ತದೆ. ಇದು ಹೇಳಿದರೆ ನಂಬಿಕೆ ಬರಲ್ಲ, ನಿಮ್ಮ ಕೂದಲನ್ನು ನೀವೇ ಹಿಡಿದು ನೋಡಿ. ಆಮೇಲೆ ಆ ಕೈಯನ್ನು ಬಿಡದೆ ಅವನ ಕಡೆಗೇ ಹೆಜ್ಜೆ ಹಾಕಿ ತಿರುಗಬೇಕು. ತಿರುಗಿದಾಗ ಅವನ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಎರಡೂ ಕೈ ಸೊಂಟದ ಕಡೆ ಇಳಿದರೆ ಹಿಡಿತ ಸಡಿಲವಾಗುತ್ತದೆ. ಕೂದಲು ಒಂದಷ್ಟು ಕಿತ್ತುಬರುತ್ತದೆ, ಬರಲಿ. ಉದ್ದ ಜಡೆ ತುದಿಯಲ್ಲಿ ಹಿಡಿದರೆ ಇದು ನಡೆಯುವುದಿಲ್ಲ. ಅವನ ಕೈ ತಲೆಯಿಂದ ದೂರ ಇರುತ್ತದೆ. ಆಗ ಮೊದಲು ಅವನತ್ತಲೇ ಹಿಮ್ಮೆಟ್ಟಿ ಹತ್ತಿರವಾಗಬೇಕು. ಕಂಡಕ್ಟರ್ ಅಕ್ಕ ಮೊದಲಿನಿಂದಲೂ ಡ್ಯೂಟಿಗೆ ತುರುಬು ಕಟ್ಟಿಕೊಂಡೇ ಹೋಗುತ್ತಾರೆ. ಅವರ ಪ್ರಕಾರ ಅದೇ ಅರ್ಧ ಬುಂಕಾಯ್.

ಬಾಯಿಯನ್ನೂ ಅಭ್ಯಾಸ ಮಾಡಿಸಿದರು. ಕೈ ಮೇಲೆ ಬೀಳುವ ಮುಂಚೆ ಸಾಮಾನ್ಯವಾಗಿ ಮಾತು ಇರುತ್ತದೆ. ಎರಡೂ ಅಂಗೈ ಎದೆ ಮಟ್ಟಕ್ಕೆ ಎತ್ತಿ, "ದೂರ ನಿಂತ್ಕೊಳ್ಳಿ" ಅಂತ ಹೊಟ್ಟೆಯೊಳಗಿನಿಂದ ಕೂಗುವುದು. ಕಿಯಾಯ್, ಅಂದರೆ ಕರಾಟೆಯಲ್ಲಿ ಹೊಡೆಯುವಾಗ ಹಾಕುವ ಕೂಗು, ಗೊತ್ತಿದ್ದವರಿಗೆ ಈ ದನಿ ಎಲ್ಲಿಂದ ಬರಬೇಕು ಅಂತ ಗೊತ್ತಿರುತ್ತದೆ. ಆದರೂ ಕಾಲೇಜು ಹುಡುಗಿಯರಿಗೆ ಹೊಡೆಯುವುದಕ್ಕಿಂತ ಈ ಕೂಗು ಕಷ್ಟವಾಯಿತು. ನಾವು ಹೆಣ್ಣುಮಕ್ಕಳಿಗೆ ಮೆಲ್ಲಗೆ ಮಾತಾಡು ಅಂತಲೇ ಹೇಳಿ ಬೆಳೆಸುತ್ತೇವೆ. ಸರ್ಕಾರಿ ಶಾಲೆಗಳಲ್ಲಿ ಆತ್ಮರಕ್ಷಣೆ ಅಂತ ಹುಡುಗಿಯರಿಗೆ ಕರಾಟೆ ಕಲಿಸುವುದು ನನಗೆ ಖುಷಿ ಕೊಡುವ ಸಂಗತಿ. ಆ ಅಲ್ಪ ಸಮಯದಲ್ಲಿ ಒಂದು ಕಟಾ ಕಡಿಮೆ ಕಲಿಸಿದರೂ ಪರವಾಗಿಲ್ಲ, ಈ ಕೂಗನ್ನೂ ಒಂದೆರಡು ಹಿಡಿತ ಬಿಡಿಸುವುದನ್ನೂ ಜೋಡಿಯಲ್ಲಿ ಮಾಡಿಸಬೇಕು ಅಂತ ನನ್ನ ಬಲವಾದ ಅನಿಸಿಕೆ.

ನಾಯ್ಹಾಂಚಿಯ ಎರಡೂ ಕೈ ಒಟ್ಟಿಗೆ ಪಕ್ಕಕ್ಕೆ ಚಾಚುವ ಚಲನೆ, ಕಿಯಾಯ್ ಬರುವ ಜಾಗ, ಅದನ್ನು ಮಾಸ್ಟರ್ ಒಂದೇ ಕೆಲಸಕ್ಕೆ ಬಳಸಿದರು. ಹಿಡಿದದ್ದನ್ನು ಹಿಡಿದೇ ಪಕ್ಕಕ್ಕೆ ತಳ್ಳಿ, ಕೂಗಿ, ಬಾಗಿಲ ಕಡೆ ಓಡುವುದು. ಪ್ರತಿ ಸುತ್ತೂ ಹಾಲಿನ ಬಾಗಿಲು ಮುಟ್ಟಿದರೆ ಮಾತ್ರ ಮುಗಿದ ಹಾಗೆ. ಬಾಗಿಲಾಚೆ ನಿಂತು ಫೋನ್ ತೆಗೆದು 112 ಒತ್ತುವಂತೆ ನಟಿಸುವುದೂ ಅಭ್ಯಾಸದ ಭಾಗ. ಗೆದ್ದೆ ಅಂತ ಅಲ್ಲೇ ನಿಂತು ಇನ್ನೆರಡು ಕೊಟ್ಟರೆ ಬೈಸಿಕೊಳ್ಳಬೇಕಾಗಿತ್ತು. ಇದಕ್ಕೆ ಕಾನೂನಿನ ಕಾರಣವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ನಮ್ಮನ್ನು ನಾವು ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತವೆ. ಆದರೆ ಕಾಪಾಡಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚಿನ ಪೆಟ್ಟು ಕೊಡುವ ಹಾಗಿಲ್ಲ ಅಂತ 37ನೇ ಸೆಕ್ಷನ್ ಹೇಳುತ್ತದೆ. ಬಿದ್ದವನನ್ನು ತುಳಿದರೆ ಅದು ಆತ್ಮರಕ್ಷಣೆ ಅಲ್ಲ.

ಎಲ್ಲ ಬುಂಕಾಯ್‌ಗೂ ನಾನು ಮಾರುಹೋಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ ವಿವರಣೆಗಳಲ್ಲಿ ಹೊಡೆಯುವವನು ಒಂದು ಮುಷ್ಟಿ ಚಾಚಿ ನಿಂತುಬಿಡುತ್ತಾನೆ. ಗುರು ಅವನ ಮೇಲೆ ನಾಲ್ಕಾರು ಕೆಲಸ ಮಾಡುತ್ತಾರೆ. ಚಾಚಿದ ಕೈ ಯಾರೂ ಹಾಗೆ ಬಿಟ್ಟು ನಿಲ್ಲುವುದಿಲ್ಲ. ಸ್ಪರ್ಧೆಯ ಟೀಮ್ ಕಟಾದಲ್ಲಿ ಫೈನಲ್‌ಗೆ ಬಂದ ತಂಡಗಳು ತೋರಿಸುವ ಬುಂಕಾಯ್ ನೋಡಲು ಸೊಗಸು, ಹಾರಿ ಸೊಂಟಕ್ಕೆ ಕಾಲು ಹಾಕಿ ಬೀಳಿಸುತ್ತಾರೆ. ಅದರ ಹಿಂದಿನ ಶ್ರಮಕ್ಕೆ ಕೈ ಮುಗಿಯುತ್ತೇನೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಕಿನಾವಾದ ಕಿಯುನಾ ರ್ಯೋ ಕಟಾ ಚಿನ್ನ ಗೆದ್ದಾಗ ಕಣ್ಣು ತುಂಬಿ ಬಂದಿತ್ತು. ಆದರೆ ರಾತ್ರಿ ಬಸ್ ಸ್ಟಾಪಿಗೆ ಬೇಕಾದ್ದು ಬೇರೆ. ನನ್ನ ಅಳತೆಗೋಲು ಸರಳ. ಎದುರಿನವನು ಬಲವಾಗಿ ತಳ್ಳುತ್ತಿದ್ದರೂ, ನಾನು ಹೆದರಿದ್ದರೂ, ಬೆರಳು ನಡುಗುತ್ತಿದ್ದರೂ ಆಗುವಂಥದ್ದಾ? ಬೆರಳ ತುದಿಯಲ್ಲಿ ನರ ಹುಡುಕಿ ಒತ್ತುವಂಥವೆಲ್ಲ ಇಲ್ಲಿ ಉದುರಿಹೋಗುತ್ತವೆ. ಚಾಕು ಇದ್ದರೆ ನಮ್ಮ ಪಟ್ಟಿಯಲ್ಲಿ ಒಂದೇ ಉತ್ತರ, ಕೇಳಿದ್ದು ಕೊಟ್ಟು ಓಡುವುದು.

ಈಗ ನನ್ನ ಕಟಾವೇ ಬದಲಾಗಿದೆ. ಒಬ್ಬಳೇ ಟೆರೇಸಿನಲ್ಲಿ ಮಾಡುವಾಗ ಸೊಂಟಕ್ಕೆ ಬರುವ ಕೈ ಭಾರವಾಗಿ ಬರುತ್ತದೆ. ವೇಗ ಮೊದಲಿಗಿಂತ ಕಡಿಮೆ. ಸ್ಪರ್ಧೆಯಲ್ಲಿ ಇದಕ್ಕೆ ಅಂಕ ಸಿಗುತ್ತದೋ ಇಲ್ಲವೋ. ಶುರು ಮಾಡಬೇಕು ಅನ್ನುವವರಿಗೆ ನಾನು ಹೇಳುವುದಿಷ್ಟು. ನಿಮಗೆ ಗೊತ್ತಿರುವ ಅತಿ ಚಿಕ್ಕ ಕಟಾ ತೆಗೆದುಕೊಳ್ಳಿ. ಶುರುವಿನಲ್ಲೇ ಕಲಿಸುವ ಹೈಯಾನ್ ಶೋದಾನ್ ಆದರೂ ಸಾಕು. ಅದರಲ್ಲಿ ಗೆದಾನ್ ಬರಾಯ್ ಆದಮೇಲೆ ಕೈ ಹಿಂದಕ್ಕೆಳೆದು, ಸುತ್ತಿ, ಮುಷ್ಟಿಯ ಬದಿಯಿಂದ ಸುತ್ತಿಗೆ ಏಟು ಹಾಕುವುದಿದೆ. ಯಾರಿಗಾದರೂ ನಿಮ್ಮ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಲು ಹೇಳಿ, ಅದನ್ನೇ ಮಾಡಿ. ಕೈ ಅವರ ಹೆಬ್ಬೆರಳಿನ ಕಡೆಯಿಂದ ಆಚೆ ಬರಬೇಕು. ನಾಲ್ಕು ಬೆರಳಿನ ಕಡೆ ಎಳೆದರೆ ಬರುವುದಿಲ್ಲ. ಮೊದಲು ನಿಧಾನ, ಆಮೇಲೆ ಅವರು ಎಳೆಯಲಿ, ಆಮೇಲೆ ಇನ್ನೊಂದು ಕೈಯಿಂದ ತಳ್ಳಲಿ. ಕಲಿತವರೊಬ್ಬರು ಪಕ್ಕದಲ್ಲಿರಲಿ. ಉಗುರು ಕತ್ತರಿಸಿಕೊಂಡಿರಿ, ಬಳೆ ತೆಗೆದಿಡಿ.

ನಮ್ಮ ಗುಂಪು ಈ ತಿಂಗಳಿಂದ ಹೈಯಾನ್ ನಿದಾನ್ ಹಿಡಿದಿದೆ. ಅದರ ಮೊದಲ ಚಲನೆಯಲ್ಲೇ ಒಂದು ಮುಂಗೈ ಮುಖದ ಪಕ್ಕಕ್ಕೆ, ಇನ್ನೊಂದು ಹಣೆಯ ಮೇಲಕ್ಕೆ, ಎರಡೂ ಒಟ್ಟಿಗೆ ಏಳುತ್ತವೆ. ಬೀಸಿ ಕೆನ್ನೆಗೆ ಬರುವ ಹೊಡೆತಕ್ಕೆ ತಲೆಯನ್ನು ಮುಚ್ಚಿಕೊಂಡು ಒಳಗೆ ನುಗ್ಗುವ ರೀತಿ ಇದು ಅಂತ ಮಾಸ್ಟರ್ ಅನ್ನುತ್ತಾರೆ. ಕಂಡಕ್ಟರ್ ಅಕ್ಕ ಒಪ್ಪಿಲ್ಲ. ಅವರು ಬೀಸಿದಾಗ ನನ್ನ ಮುಂಗೈ ಇನ್ನೂ ಒಂದು ಗೇಣು ತಡವಾಗಿ ಏಳುತ್ತಿದೆ. ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡು ಮುಂದಿನ ಭಾನುವಾರ ಮತ್ತೆ ಬೀಸುತ್ತಾರಂತೆ.